ದರಿಯಾ ದೌಲತ್‌ಗೆ ಇಪ್ಪತ್ತು ನಿಮಿಷ ಸಾಲದು

ಪ್ರಶ್ನೆ: ನಾವು ಬೆಂಗಳೂರಿನವರು. ಹೋದ ವರ್ಷ ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್, ಅಂದರೆ ಟಿಪ್ಪುವಿನ ಬೇಸಿಗೆ ಅರಮನೆ ನೋಡಿದೆವು. 20 ನಿಮಿಷದಲ್ಲಿ ಮುಗಿದುಹೋಯಿತು. ಹುಲ್ಲುಹಾಸು, ಮಸುಕಾದ ಚಿತ್ರಗಳು, ಅಷ್ಟೇ ಅನ್ನಿಸಿತು. ಈಗ ಶಾಲೆಯಲ್ಲಿ ಟಿಪ್ಪುವಿನ ಪಾಠ ಬಂದಿದೆ ಅಂತ 11 ವರ್ಷದ ಮಗಳು ಮತ್ತೆ ಹೋಗೋಣ ಅನ್ನುತ್ತಿದ್ದಾಳೆ. ಅತ್ತೆಯವರಿಗೆ 70 ದಾಟಿದೆ, ಮಂಡಿ ನೋವು ಬೇರೆ. ಅದೊಂದಕ್ಕೇ ಒಂದು ದಿನ ಇಡುವಷ್ಟು ಅಲ್ಲಿ ಏನಿದೆ? ಅದನ್ನು ಬಾಗ್, ಅಂದರೆ ತೋಟ, ಅಂತಲೂ ಕರೆಯುತ್ತಾರೆ. ನಮಗೆ ತೋಟವೇ ಕಾಣಲಿಲ್ಲ.

ಉತ್ತರ:

ನಿಮ್ಮ ಕೊನೆಯ ಮಾತು ನನಗೆ ತುಂಬ ಹಿಡಿಸಿತು. "ತೋಟವೇ ಕಾಣಲಿಲ್ಲ" ಅಂದಿರಿ. ಸರಿಯಾಗಿ ನೋಡಿದವರು ಹೇಳುವ ಮಾತು ಅದು. ಈಗ ಅಲ್ಲಿರುವ ಹುಲ್ಲುಹಾಸು ಟಿಪ್ಪುವಿನ ಕಾಲದ ತೋಟ ಅಲ್ಲ. ಆ ತೋಟ ಹೇಗಿತ್ತು ಅಂತ ಸ್ವಲ್ಪ ತಿಳಿದುಕೊಂಡು ಹೋದರೆ, ಅದೇ ಜಾಗ ಬೇರೆ ಥರ ಕಾಣುತ್ತದೆ. ಒಂದು ದಿನ ಖಂಡಿತ ಇಡಿ. ಆದರೆ ಅದೇ ದಿನ ಮೈಸೂರು ಅರಮನೆ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ ಅಂತ ಪಟ್ಟಿ ಮಾಡಿಕೊಳ್ಳಬೇಡಿ. ಹೋದ ವರ್ಷ ನಿಮಗೆ 20 ನಿಮಿಷ ಸಿಕ್ಕಿದ್ದು ಆ ಪಟ್ಟಿಯಿಂದಲೇ ಇರಬೇಕು.

ಮೊದಲು ಜಾಗ ಅರ್ಥ ಮಾಡಿಕೊಳ್ಳಿ. ಶ್ರೀರಂಗಪಟ್ಟಣ ಒಂದು ದ್ವೀಪ. ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ಸುಮಾರು 5 ಕಿಲೋಮೀಟರ್ ಆದಮೇಲೆ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ದ್ವೀಪದ ಪಶ್ಚಿಮದ ತುದಿಯಲ್ಲಿ ಕೋಟೆ, ರಂಗನಾಥಸ್ವಾಮಿ ದೇವಸ್ಥಾನ. ಪೂರ್ವದ ತುದಿಯ ಕಡೆ ಲಾಲ್‌ಬಾಗ್, ಅಂದರೆ ಇವತ್ತು ನಾವು ಗುಂಬಜ್ ಅನ್ನುವ, ಟಿಪ್ಪು ಮತ್ತು ಅವನ ತಂದೆ ತಾಯಿಯ ಗೋರಿ ಇರುವ ಜಾಗ. ಇವೆರಡರ ನಡುವೆ, ಕೋಟೆಯ ಹೊರಗೆ, ಉತ್ತರದ ಕವಲಿನ ದಡದಲ್ಲಿ ದರಿಯಾ ದೌಲತ್. ಕೋಟೆಯಲ್ಲಿ ರಾಜ್ಯಭಾರ, ಹೊರಗೆ ಹೊಳೆ ಪಕ್ಕ ತೋಟದ ಮನೆ. ನಮ್ಮ ಹಳ್ಳಿಗಳಲ್ಲೂ ಊರೊಳಗೆ ಒಂದು ಮನೆ, ತೋಟದಲ್ಲಿ ಒಂದು ಮನೆ ಇರುತ್ತದಲ್ವಾ, ಹಾಗೇ ಅಂದುಕೊಳ್ಳಿ.

ಈ ಮನೆ ಮುಗಿದದ್ದು 1784ರಲ್ಲಿ. ಬಹುಪಾಲು ತೇಗದ ಮರದ ಕೆಲಸ. ಎತ್ತರದ ಜಗಲಿ, ಸುತ್ತಲೂ ಅಗಲವಾದ ಪಡಸಾಲೆ, ಜಗಲಿಯ ಅಂಚಿಗೆ ಮರದ ಕಂಬಗಳ ಸಾಲು. ಬಿಸಿಲು ನೇರವಾಗಿ ಗೋಡೆಗೆ ಬೀಳಬಾರದು, ಗಾಳಿ ಮಾತ್ರ ಆಡಬೇಕು. ಅದಕ್ಕೆ ತಕ್ಕ ಹಾಗೆ ಕಟ್ಟಿದ್ದಾರೆ. ಮಹಡಿಗೆ ಹೋಗುವ ಮೆಟ್ಟಿಲುಗಳನ್ನು ಗೋಡೆಗಳ ನಡುವೆ ಅಡಗಿಸಿದ್ದಾರೆ. ಅವು ಎಲ್ಲಿವೆ ಅಂತ ಮಗಳಿಗೆ ಹುಡುಕಲು ಹೇಳಿ. ಅತ್ತೆಯವರು ಮಹಡಿ ಹತ್ತಬೇಕಾಗಿಲ್ಲ. ನೋಡಬೇಕಾದದ್ದೆಲ್ಲ ಕೆಳಗೇ ಇದೆ. ಜಗಲಿಯ ಮೆಟ್ಟಿಲು ಮಾತ್ರ ನಿಧಾನವಾಗಿ ಹತ್ತಿಸಿ.

ಈಗ ತೋಟದ ವಿಷಯ. ಗೇಟಿನಿಂದ ಮನೆಯ ತನಕ ನೇರವಾದ ದಾರಿ ಇದೆ. ನೀವು ಹೋದ ಸಲ ಅದನ್ನು ಬೇಗ ಬೇಗ ದಾಟಿ ಒಳಗೆ ಹೋಗಿರುತ್ತೀರಿ. ಈ ಸಲ ಅರ್ಧದಲ್ಲೇ ನಿಲ್ಲಿ. ಇದು ಚಾರ್‌ಬಾಗ್ ಎನ್ನುವ ಪದ್ಧತಿ. ಪರ್ಷಿಯಾದಿಂದ ಮೊಘಲರ ಜೊತೆ ಬಂದದ್ದು. ನಡುವೆ ಕಟ್ಟಡ, ಅದರಿಂದ ಹೊರಡುವ ನೇರ ದಾರಿಗಳು, ದಾರಿಗಳು ಕತ್ತರಿಸಿದ ಚೌಕ ಚೌಕದ ತುಂಡುಗಳು. ನಮ್ಮ ಸೀಮೆಗೆ ಇದು ಹತ್ತಿರವಾದದ್ದು ಶಿರಾದಲ್ಲಿ ಮೊಘಲರು ಮಾಡಿದ್ದ ತೋಟದಿಂದ. ಅದನ್ನು ನೋಡಿ ಹೈದರಾಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಶುರು ಮಾಡಿದ. ಅಂದರೆ ನಿಮ್ಮ ಮನೆ ಹತ್ತಿರದ ಲಾಲ್‌ಬಾಗ್, ಗುಂಬಜ್ ಇರುವ ಲಾಲ್‌ಬಾಗ್, ದರಿಯಾ ದೌಲತ್ ಬಾಗ್, ಮೂರೂ ಅಪ್ಪ ಮಗ ಮಾಡಿದ ತೋಟಗಳೇ. ಮಗಳಿಗೆ ಇದನ್ನು ಹೇಳಿ. ಭಾನುವಾರ ಓಡಾಡುವ ಜಾಗಕ್ಕೂ ಪಾಠದಲ್ಲಿರುವ ರಾಜನಿಗೂ ನಂಟಿದೆ ಅಂತ ಗೊತ್ತಾದರೆ ಮಕ್ಕಳ ಮುಖವೇ ಬೇರೆ ಆಗುತ್ತದೆ.

ಆ ಚೌಕಗಳಲ್ಲಿ ಏನಿತ್ತು? ಹುಲ್ಲಂತೂ ಅಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎನ್ನುವ ವೈದ್ಯ ಈ ಸೀಮೆಯೆಲ್ಲ ಸುತ್ತಿ ಬೆಳೆ, ಮಣ್ಣು, ನೀರು, ಕಸುಬು ಎಲ್ಲ ಬರೆದಿಟ್ಟ. ಬೆಂಗಳೂರಿನ ತೋಟದ ಬಗ್ಗೆ ಅವನು ಬರೆದದ್ದು ನಮಗೆ ದೊಡ್ಡ ಆಸ್ತಿ. ಚೌಕದ ಪಾತಿಗಳು, ನಡುವೆ ಓಡಾಡುವ ದಾರಿ, ದಾರಿಯ ಎರಡೂ ಬದಿ ಸೈಪ್ರೆಸ್ ಮರಗಳು. ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ತುಂಡು ನೆಲ. ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಹಣ್ಣಿನ ಗಿಡದ ಜೊತೆಗೆ ಸೊಪ್ಪು ತರಕಾರಿಯೂ ಇತ್ತು. ಅದು ನೋಡಲಿಕ್ಕೆ ಮಾತ್ರ ಇದ್ದ ತೋಟ ಅಲ್ಲ, ಬೆಳೆಯುವ ತೋಟ. ದರಿಯಾ ದೌಲತ್‌ನ ಹುಲ್ಲಿನ ಚೌಕದ ಮುಂದೆ ನಿಂತು, ಇದೊಂದು ದಾಳಿಂಬೆಯದು, ಆಚೆಯದು ಗುಲಾಬಿಯದು, ಅಂತ ಕಣ್ಣಲ್ಲೇ ನೆಟ್ಟು ನೋಡಿ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಇದನ್ನು ಮಾಡಿಸುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಚೌಕ ಕೊಟ್ಟು, ಏನು ಬೆಳೆಯುತ್ತೀಯ ಅಂತ ಕೇಳುತ್ತೇನೆ. ಗುಲಾಬಿ ಅನ್ನುವವರಿಗಿಂತ ಮಾವು ಅನ್ನುವವರೇ ಜಾಸ್ತಿ.

ತೋಟ ಅಂದಮೇಲೆ ನೀರು ಬೇಕಲ್ಲ. ಬೆಂಗಳೂರಿನಲ್ಲಿ ಕಾವೇರಿಯಂಥ ಹೊಳೆ ಇಲ್ಲ. ಅಲ್ಲಿ ಬಾವಿಯಿಂದ ಕಪಿಲೆ ಹೊಡೆದು ನೀರೆತ್ತುತ್ತಿದ್ದರು ಅಂತ ಅದೇ ಬುಕಾನನ್ ಬರೆದಿದ್ದಾನೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದರೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರುತ್ತದೆ. ನಿಮ್ಮ ಅತ್ತೆಯವರು ಹಳ್ಳಿಯಲ್ಲಿ ಬೆಳೆದವರಾದರೆ ಕಪಿಲೆ ನೋಡಿಯೇ ಇರುತ್ತಾರೆ. ಅವರಿಂದಲೇ ಹೇಳಿಸಿ. ಶ್ರೀರಂಗಪಟ್ಟಣದ ಅನುಕೂಲವೇ ಬೇರೆ. ಸುತ್ತಲೂ ಕಾವೇರಿ. ಜೊತೆಗೆ ಬಂಗಾರದೊಡ್ಡಿ ನಾಲೆ. ಅದು ಟಿಪ್ಪುವಿಗಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು, ಕಂಠೀರವ ನರಸರಾಜ ಒಡೆಯರ ಕಾಲದ್ದು. ಹೊಳೆಯ ಮೇಲುಗಡೆ ಅಣೆಕಟ್ಟು ಹಾಕಿ, ನೀರನ್ನು ತಿರುಗಿಸಿ, ಹೊಳೆಯ ಒಂದು ಕವಲಿನ ಮೇಲೆ ಮೇಲ್ಗಾಲುವೆ ಕಟ್ಟಿ ದ್ವೀಪಕ್ಕೆ ದಾಟಿಸಿದ್ದಾರೆ. ಹೊಳೆಯ ಮೇಲೆ ಇನ್ನೊಂದು ಹೊಳೆ ಹರಿಸಿದ ಹಾಗೆ! ತೋಟಗಳ ಕಥೆ ಹೇಳುವಾಗ ರಾಜರ ಹೆಸರಷ್ಟೇ ಬರುತ್ತದೆ. ನಾಲೆ ತೋಡಿದವರು, ಪಾತಿಗೆ ನೀರು ಬಿಟ್ಟವರು, ಗಿಡ ಸಾಕಿದವರು ಯಾರ ಹೆಸರೂ ಉಳಿದಿಲ್ಲ. ನನಗೆ ಅಲ್ಲಿ ಹೋದಾಗಲೆಲ್ಲ ಅವರ ನೆನಪೇ ಮೊದಲು ಬರುವುದು.

ಹಾಗಾದರೆ ಅಷ್ಟೆಲ್ಲ ಮರ ಎಲ್ಲಿ ಹೋಯಿತು? ಇದು ಬೇಸರದ ಭಾಗ. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ರಾತ್ರಿ ಹೊತ್ತು ನುಗ್ಗಿ ದ್ವೀಪದ ಪೂರ್ವ ಭಾಗ ಹಿಡಿದುಕೊಂಡಿತು. ಕೋಟೆ ಮಾತ್ರ ಟಿಪ್ಪುವಿನ ಕೈಯಲ್ಲಿ ಉಳಿಯಿತು. ಕೋಟೆಗೆ ಮುತ್ತಿಗೆ ಹಾಕಲು ಕಂದಕ ತೋಡಬೇಕು, ಮರೆ ಕಟ್ಟಬೇಕು. ಅದಕ್ಕೆ ಮರ ಬೇಕು. ದ್ವೀಪದ ಲಾಲ್‌ಬಾಗ್‌ನ ಸೈಪ್ರೆಸ್ ಮರಗಳನ್ನು, ಹಣ್ಣಿನ ಗಿಡಗಳನ್ನು ಕಡಿದು ಅದಕ್ಕೆ ಬಳಸಿದರು. ಅಲ್ಲಿದ್ದ ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿಕೊಂಡರು. ವರ್ಷಗಟ್ಟಲೆ ನೀರು ಹಾಯಿಸಿ ಬೆಳೆಸಿದ ತೋಟ ಕೆಲವೇ ದಿನಗಳಲ್ಲಿ ಬೋಳಾಯಿತು. ಆ ಅರಮನೆಯೂ ಈಗ ಇಲ್ಲ. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್ ಕಟ್ಟುವಾಗ ಬಳಸಿದ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದಲ್ಲಿ ಕೆಡವಿದ ಟಿಪ್ಪುವಿನ ಅರಮನೆಯದ್ದು. ಮುಂದೆ ಎಂದಾದರೂ ಊಟಿಗೆ ಹೋದರೆ ಆ ಚರ್ಚಿನೊಳಗೆ ತಲೆಯೆತ್ತಿ ನೋಡಿ.

ದರಿಯಾ ದೌಲತ್ ಮಾತ್ರ ಉಳಿಯಿತು. 1799ರಲ್ಲಿ ಕೋಟೆ ಬಿದ್ದಮೇಲೆ ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇಲ್ಲೇ ವಾಸ ಮಾಡಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಜನ ಇದ್ದ ಮನೆ ಉಳಿಯಿತು, ಖಾಲಿ ಬಿದ್ದ ಮನೆ ಹೋಯಿತು.

ಇನ್ನು ಚಿತ್ರಗಳು. "ಮಸುಕಾದ ಚಿತ್ರಗಳು" ಅಂತ ಬರೆದಿದ್ದೀರಿ. ಮಸುಕು ಕಾಣಲು ಒಂದು ಸರಳ ಕಾರಣ ಇದೆ. ಬಿಸಿಲಿನಿಂದ ಬಣ್ಣ ಹಾಳಾಗದಿರಲಿ ಅಂತ ಪಡಸಾಲೆಗೆ ದೊಡ್ಡ ಪರದೆಗಳನ್ನು ಇಳಿಬಿಟ್ಟಿರುತ್ತಾರೆ. ಹೊರಗಿನ ಬೆಳಕಿನಿಂದ ಒಳಗೆ ಬಂದ ತಕ್ಷಣ ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಆಮೇಲೆ ಕೆಂಪು, ಹಳದಿ, ಹಸಿರು ಒಂದೊಂದಾಗಿ ಎದ್ದು ಬರುತ್ತವೆ. ಫೋಟೋ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ ಆಯಿತು, ಕಣ್ಣಿಂದಲೇ ನೋಡುತ್ತೀರಿ.

ಸುಮ್ನೆ ಒಂದು ಸುತ್ತು ಬರಬೇಡಿ. ನೇರವಾಗಿ ಪಶ್ಚಿಮದ ಗೋಡೆಗೆ ಹೋಗಿ. ನನ್ನ ಲೆಕ್ಕದಲ್ಲಿ ಇಡೀ ದಿನದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಅದು. ಬಾಗಿಲಿನ ಒಂದು ಬದಿ ಹೈದರ್ ಮತ್ತು ಟಿಪ್ಪು ಸೈನ್ಯ ಕಟ್ಟಿಕೊಂಡು ಹೊರಡುವ ದೃಶ್ಯ. ಇನ್ನೊಂದು ಬದಿ ಪೊಳ್ಳಿಲೂರಿನ ಯುದ್ಧ. ಕಾಂಚೀಪುರದ ಹತ್ತಿರ, 1780ರ ಸೆಪ್ಟೆಂಬರ್ 10ರಂದು ನಡೆದದ್ದು. ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯನ್ನು ಮೈಸೂರಿನ ಸೈನ್ಯ ಸುತ್ತುವರಿದು ಪೂರ್ತಿ ಸೋಲಿಸಿತು. ಇಂಗ್ಲಿಷರಿಗೆ ಭಾರತದಲ್ಲಿ ಅಲ್ಲಿಯ ತನಕ ಅಂಥ ಸೋಲು ಆಗಿರಲಿಲ್ಲ.

ಚಿತ್ರದಲ್ಲಿ ಮೊದಲು ಇಂಗ್ಲಿಷರ ಚೌಕ ಹುಡುಕಿ. ಕೆಂಪು ಕೋಟಿನ ಸೈನಿಕರು ನಾಲ್ಕೂ ಕಡೆ ಮುಖ ಮಾಡಿ ಗೋಡೆ ಕಟ್ಟಿದ ಹಾಗೆ ನಿಂತಿದ್ದಾರೆ. ನಡುವೆ ಪಲ್ಲಕ್ಕಿ. ಅದರಲ್ಲಿ ಗಾಯಗೊಂಡ ಬೇಲಿ, ಬೆರಳು ಬಾಯಿಗೆ ಇಟ್ಟುಕೊಂಡು ಕೂತಿದ್ದಾನೆ. ನಮ್ಮಲ್ಲಿ ದಿಕ್ಕು ತೋಚದವರನ್ನು ಬರೆಯುವ ರೀತಿಯೇ ಅದು, ಅಲ್ವಾ? ಹತ್ತಿರದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ಯುದ್ಧ ತಿರುಗಿದ್ದು ಅಲ್ಲಿಂದಲೇ. ಮದ್ದು ಹೋದಮೇಲೆ ಬಂದೂಕಿದ್ದೂ ಏನು ಪ್ರಯೋಜನ? ಸುತ್ತ ಮೈಸೂರಿನ ಕುದುರೆಗಳು ನುಗ್ಗುತ್ತಿವೆ. ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಈ ಗಲಾಟೆಯ ಮಧ್ಯೆ ಹೈದರ್, ಟಿಪ್ಪು ಮಾತ್ರ ಮದುವೆ ಮೆರವಣಿಗೆಯಲ್ಲಿ ಬಂದವರ ಹಾಗೆ ನೆಮ್ಮದಿಯಾಗಿದ್ದಾರೆ. ಟಿಪ್ಪು ಹೂವು ಮೂಸುತ್ತಿದ್ದಾನೆ. ತೋಟದ ಮನೆಯ ಗೋಡೆಯ ಮೇಲೆ ಯುದ್ಧ, ಯುದ್ಧದ ನಡುವೆ ಒಂದು ಹೂವು. ನಾನು ಎಷ್ಟು ಸಲ ನೋಡಿದರೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ.

ಮಗಳಿಗೆ ಇನ್ನೊಂದು ಕೆಲಸ ಕೊಡಿ: ಮೀಸೆ ನೋಡು ಅನ್ನಿ. ಮೈಸೂರಿನವರಿಗೆ ಮೀಸೆ ಇದೆ, ಇಂಗ್ಲಿಷರಿಗೆ ಇಲ್ಲ. ಯಾರು ಯಾವ ಕಡೆ ಅಂತ ತಾನೇ ಬಿಡಿಸಿಕೊಳ್ಳುತ್ತಾಳೆ. ಹೈದರಾಬಾದಿನ ನಿಜಾಮ ತಡವಾಗಿ ಬರುವ ದೃಶ್ಯವೂ ಇದೆ. ಜೊತೆಗೆ ಒಂದು ಹಂದಿ, ಒಂದು ಹಸು. ಹಂದಿಯ ಹಾಗೆ ನುಗ್ಗಿ ಬಂದ, ಹಸುವಿನ ಹಾಗೆ ಹೋದ ಅಂತ ಅದರ ಅರ್ಥ ಹೇಳುತ್ತಾರೆ.

ಪೂರ್ವದ ಗೋಡೆಯಲ್ಲಿ ಯುದ್ಧ ಇಲ್ಲ. ಸಾಲು ಸಾಲಾಗಿ ದರ್ಬಾರಿನ ಚಿತ್ರಗಳು. ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ, ಹೀಗೆ. ಅವರ ನಡುವೆ ಮಾಗಡಿ ಕೆಂಪೇಗೌಡ ಮತ್ತು ಚಿತ್ರದುರ್ಗದ ಮದಕರಿ ನಾಯಕ ಇದ್ದಾರೆ. ಒಳಗಿನ ಗೋಡೆಗಳ ಮೇಲೆ ಬಳ್ಳಿ, ಎಲೆ, ಹೂವು. ಚಾವಣಿಯ ಮರಕ್ಕೂ ಹೂವಿನ ಚಿತ್ತಾರ ಅಂಟಿಸಿದ್ದಾರೆ. ಹೊರಗೆ ತೋಟ, ತಲೆಯ ಮೇಲೂ ತೋಟ.

ಒಂದು ಮಾತು ತಿಳಿದಿರಲಿ. ಈಗ ಕಾಣುವುದೆಲ್ಲ 1784ರಲ್ಲಿ ಬರೆದ ಬಣ್ಣವೇ ಅಲ್ಲ. ಯುದ್ಧದ ಚಿತ್ರ ನಡುವೆ ಹಾಳಾಗಿತ್ತು, ಸುಣ್ಣವೂ ಬಿದ್ದಿತ್ತು. ವೆಲ್ಲೆಸ್ಲಿ ಒಮ್ಮೆ ಸರಿ ಮಾಡಿಸಿದ. ಆಮೇಲೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, ಮೊದಲಿನ ಚಿತ್ರ ನೆನಪಿದ್ದ ಇಲ್ಲಿನ ಕಲಾವಿದನಿಂದ ಮತ್ತೆ ಬರೆಸಿದರು. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಉಳಿಸಿದ್ದಾರೆ. ಇದೇ ಯುದ್ಧದ ಚಿತ್ರದ ಕಾಗದದ ಪ್ರತಿಯೊಂದು, 30 ಅಡಿಗೂ ಉದ್ದದ್ದು, 2022ರಲ್ಲಿ ಲಂಡನ್‌ನಲ್ಲಿ ಹರಾಜಾಯಿತು. ಗೋಡೆಯ ಮೇಲಿನದ್ದನ್ನು ನೋಡಲು ನಮಗೆ ಒಂದು ಸಣ್ಣ ಟಿಕೆಟ್ ಸಾಕು. 15 ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ.

ಒಳಗೆ ಟಿಪ್ಪು ವಸ್ತುಸಂಗ್ರಹಾಲಯ ಇದೆ, 1959ರಿಂದ. ನಾಣ್ಯ, ಬಟ್ಟೆ, ಆಯುಧಗಳನ್ನು ಬೇಗ ನೋಡಿದರೂ ನಡೆಯುತ್ತದೆ. ಥಾಮಸ್ ಹಿಕ್ಕಿ ಎನ್ನುವ ಚಿತ್ರಕಾರ ಬರೆದ ಟಿಪ್ಪುವಿನ ಮಕ್ಕಳ ಚಿತ್ರಗಳ ಮುಂದೆ ಮಾತ್ರ ನಿಲ್ಲಿ. ಅವರಲ್ಲಿ ಇಬ್ಬರನ್ನು, ಸಣ್ಣ ಹುಡುಗರಾಗಿದ್ದಾಗಲೇ, 1792ರ ಒಪ್ಪಂದದಲ್ಲಿ ಇಂಗ್ಲಿಷರಿಗೆ ಒತ್ತೆಯಾಗಿ ಕೊಡಬೇಕಾಯಿತು. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಜೋರು ವಾದಗಳಿವೆ, ಗೊತ್ತೇ ಇದೆ. ಆ ಮಕ್ಕಳ ಮುಖದ ಮುಂದೆ ನಿಮ್ಮ ಮಗಳು ಏನು ಕೇಳುತ್ತಾಳೋ ಅದಕ್ಕೆ ನಿಧಾನವಾಗಿ ಉತ್ತರ ಕೊಡಿ.

ಈಗ ಹೊರಡುವ ವಿಷಯ. ಬೆಳಗ್ಗೆ 6ಕ್ಕೆಲ್ಲ ಮನೆ ಬಿಡಿ. ಸುಮಾರು 125 ಕಿಲೋಮೀಟರ್. ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಹೋದರೆ ಬೇಗ ತಲುಪಬಹುದು. ಆದರೆ ಅದು ಊರುಗಳನ್ನೆಲ್ಲ ಬಿಟ್ಟು ಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಮದ್ದೂರು ವಡೆ ಬೇಕಾದರೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ರೈಲಿನಲ್ಲೂ ಬರಬಹುದು. ಸ್ಟೇಷನ್ ಕೋಟೆಯೊಳಗೇ, ದೇವಸ್ಥಾನದ ಹತ್ತಿರ ಇದೆ. ನೀವು ಹಿಡಿಯುವ ರೈಲು ಅಲ್ಲಿ ನಿಲ್ಲುತ್ತದೆಯೇ ಅಂತ ನೋಡಿಕೊಳ್ಳಿ. ಅಲ್ಲಿಂದ ಇಡೀ ದಿನಕ್ಕೆ ಒಂದು ಆಟೋ ಮಾತಾಡಿಕೊಳ್ಳಿ, ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಹತ್ತುವ ಮೊದಲೇ ಹೇಳಿ. ಇಲ್ಲದಿದ್ದರೆ ಅವರ ಅವಸರಕ್ಕೆ ನೀವು ಓಡಬೇಕಾಗುತ್ತದೆ. ಮಂಡಿ ನೋವಿನವರಿಗೆ ಕೋಟೆಯಿಂದ ಗುಂಬಜ್ ತನಕ ನಡಿಗೆ ಬೇಡವೇ ಬೇಡ.

ದರಿಯಾ ದೌಲತ್‌ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. 10 ಗಂಟೆಯ ಮೇಲೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಡಿಸೆಂಬರ್‌ನಲ್ಲಂತೂ ಕಾಲಿಡಲು ಜಾಗ ಇರುವುದಿಲ್ಲ. ಎರಡು ಗಂಟೆ ಅಲ್ಲೇ ಇರಿ. ಅತ್ತೆಯವರನ್ನು ತೋಟದಲ್ಲಿ ನೆರಳು ನೋಡಿ ಕೂರಿಸಿ, ನೀವು ಗೋಡೆ ನೋಡಿ ಬಂದು ಅವರಿಗೆ ಹೇಳಿ, ಆಮೇಲೆ ಅವರನ್ನು ಪಶ್ಚಿಮದ ಗೋಡೆಗೆ ಮಾತ್ರ ಕರೆದುಕೊಂಡು ಹೋಗಿ. ಮಳೆಗಾಲ ಮುಗಿದ ಮೇಲೆ, ಫೆಬ್ರವರಿ ತನಕ ತೋಟ ಚೆನ್ನಾಗಿರುತ್ತದೆ. ಏಪ್ರಿಲ್, ಮೇ ಬೇಡ.

ಅಲ್ಲಿಂದ ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹೋಗಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೆ 12ರ ಒಳಗೆ ತಲುಪಿ. ಸ್ಟೇಷನ್ ಹತ್ತಿರ ಟಿಪ್ಪುವಿನ ಮದ್ದಿನ ಮನೆ ಇದೆ. ರೈಲಿನ ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಆ ಇಡೀ ಕಟ್ಟಡವನ್ನು ಒಡೆಯದೆ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದರು. ಮಗಳು ಇದನ್ನು ಶಾಲೆಯಲ್ಲಿ ಹೇಳದೆ ಬಿಡುವುದಿಲ್ಲ. ಊಟ ಮಾಡಿ ಸ್ವಲ್ಪ ಹೊತ್ತು ವಿಶ್ರಾಂತಿ ತಗೊಳ್ಳಿ. ಮಧ್ಯಾಹ್ನದ ಬಿಸಿಲಲ್ಲಿ ಸುತ್ತಿ ಸುಸ್ತಾದರೆ ಸಂಜೆಯ ಗುಂಬಜ್ ಕೆಡುತ್ತದೆ. ಸಂಗಮಕ್ಕೆ ಹೋದರೆ ದಡದಲ್ಲೇ ನಿಲ್ಲಿ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ, ಗುಂಡಿ ಇವೆ. ಕೆಆರ್‌ಎಸ್‌ನಿಂದ ನೀರು ಬಿಟ್ಟ ದಿನವಂತೂ ಮೆಟ್ಟಿಲಿಗೂ ಇಳಿಯಬೇಡಿ.

ಗುಂಬಜ್‌ಗೆ 4 ಗಂಟೆಗೆ ಹೋಗಿ. ಚಪ್ಪಲಿ ಬಿಟ್ಟು ಹತ್ತಬೇಕು. ಮಧ್ಯಾಹ್ನ ಆ ಕಲ್ಲು ಕಾಲು ಸುಡುತ್ತದೆ, ಸಂಜೆ ತಂಪಾಗಿರುತ್ತದೆ. ಇದು ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ ಗೋರಿ. ಹೈದರ್ ಸತ್ತದ್ದು 1782ರ ಡಿಸೆಂಬರ್‌ನಲ್ಲಿ, ಚಿತ್ತೂರಿನ ಹತ್ತಿರ ದಂಡಿನಲ್ಲಿದ್ದಾಗ. ಸುತ್ತ ನುಣುಪಾದ ಕಪ್ಪು ಕಲ್ಲಿನ ಕಂಬಗಳು, 36. ಬಾಗಿಲುಗಳು ಕರಿಮರದವು, ದಂತದ ಕೆತ್ತನೆ ಕೂರಿಸಿದವು. ಒಳಗಿನ ಗೋಡೆಗೆ ಹುಲಿಪಟ್ಟೆ. ತಂದೆ, ತಾಯಿ, ಪಕ್ಕದಲ್ಲಿ ಟಿಪ್ಪು. 1799ರ ಮೇ 4ರಂದು ಕೋಟೆಯಲ್ಲಿ ಬಿದ್ದವನನ್ನು ಮರುದಿನ ಇಲ್ಲಿಗೆ ತಂದರು. ಇಲ್ಲಿ ದಾರಿಯ ಎರಡೂ ಬದಿ ಸೈಪ್ರೆಸ್ ಸಾಲು ಈಗಲೂ ಇದೆ, ಆಮೇಲೆ ನೆಟ್ಟದ್ದು. ಬೆಳಗ್ಗೆ ನಿಮಗೆ ಕಾಣದ ತೋಟದ ಗುರುತು ಸಂಜೆ ಇಲ್ಲಿ ಸ್ವಲ್ಪವಾದರೂ ಕಾಣುತ್ತದೆ. ಆ ಸಾಲಿನ ನಡುವೆ ಅತ್ತೆಯವರ ಕೈ ಹಿಡಿದು ನಿಧಾನವಾಗಿ ನಡೆಯಿರಿ.

ಹೊರಡುವ ಮೊದಲು ಅದರ ಹತ್ತಿರವೇ ಇರುವ ಒಂದು ಸಣ್ಣ ಸ್ಮಾರಕ ನೋಡಿ. ಬಹಳ ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. 1816ರಲ್ಲಿ ಕಟ್ಟಿಸಿದ್ದು. ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದು 1782ರಲ್ಲಿ ಇಲ್ಲೇ ಸತ್ತ ಒಬ್ಬನ ನೆನಪಿಗೆ. ಯಾರದ್ದು ಅಂತ ಮಗಳಿಗೆ ಮೊದಲೇ ಹೇಳಬೇಡಿ. ಕಲ್ಲಿನ ಮೇಲಿನ ಹೆಸರು ಅವಳೇ ಓದಲಿ. ಬೆಳಗ್ಗೆ ಪಲ್ಲಕ್ಕಿಯಲ್ಲಿ ಬೆರಳು ಬಾಯಿಗಿಟ್ಟುಕೊಂಡು ಕೂತಿದ್ದನಲ್ಲ, ಅವನು.